ಫ್ರಿಜ್ ಜೊತೆ ಬರುವ ₹2,000ದ ಕ್ಯಾಶ್‌ಬ್ಯಾಕ್ ಕಾರ್ಡ್ ರೊಕ್ಕಕ್ಕೆ ಸಮವೇ?

ಬಾಗಲಕೋಟೆ ನವನಗರದಲ್ಲಿ ₹27,000ದ ಫ್ರಿಜ್ ನೋಡಿ ಬಂದಿದ್ದೀರಿ. ಕಂಪನಿಯಿಂದ ₹2,000ದ ಪ್ರೀಪೇಯ್ಡ್ ಕಾರ್ಡ್ ಮನೆಗೆ ಬರುತ್ತದೆ, "ರೊಕ್ಕ ಇದ್ದಂಗ ಐತ್ರಿ" ಅಂತ ಅಂಗಡಿಯವರು ಹೇಳಿದ್ದಾರೆ. ನಂಬಬಹುದಾ ಅಂತ ಕೇಳಿದ್ದೀರಿ. ಕಾರ್ಡ್ ಸುಳ್ಳಲ್ಲ, ಆದರೆ ಅದು ರೊಕ್ಕವೂ ಅಲ್ಲ. ಬಿಲ್ಲಿನಲ್ಲೇ ₹1,500 ಬಿಡುತ್ತೇನೆ ಅಂದರೆ ನಾನಾದರೆ ಅದನ್ನೇ ಒಪ್ಪುತ್ತೇನೆ.

ಕಾರ್ಡಿನ ಸ್ಕೀಮಿನಲ್ಲಿ ಬಿಲ್ಲು ಪೂರ್ತಿ ₹27,000ಕ್ಕೇ ಆಗುತ್ತದೆ. ಅದರೊಳಗಿನ ಶೇ 18 ಜಿಎಸ್‌ಟಿ, ಆಮೇಲೆ ಕಾರ್ಡ್ ಬಂತೆಂದು ಇಳಿಯುವುದಿಲ್ಲ. ಕಂತಿನಲ್ಲಿ ತಗೊಂಡರೆ ಸಾಲವೂ ₹27,000ದ ಮೇಲೆಯೇ. ಬಡ್ಡಿ ಇಲ್ಲದ 10 ಕಂತು ಅಂತ ಹಿಡಿದರೂ ತಿಂಗಳಿಗೆ ₹2,700. ಬಿಲ್ಲಿನಲ್ಲಿ ₹1,500 ಬಿಟ್ಟರೆ ಅದೇ ಕಂತು ₹2,550 ಆಗುತ್ತದೆ. ಬಡ್ಡಿಯ ಸಾಲವಾದರೆ ಅಂತರ ಇನ್ನೂ ಹೆಚ್ಚು.

ಹೆಚ್ಚು ಜನ ಎಡವುವುದು ಕ್ಲೇಮ್ ಮಾಡುವಾಗ. ಕಾರ್ಡ್ ತಾನಾಗಿ ಬರುವುದಿಲ್ಲ. ಸ್ಕೀಮಿನಲ್ಲಿ ಹೇಳಿದ ದಿನದೊಳಗೆ ಕಂಪನಿಯ ವೆಬ್‌ಸೈಟಿನಲ್ಲಿ ಬಿಲ್ಲಿನ ಫೋಟೊ, ಸೀರಿಯಲ್ ನಂಬರ್, ನಿಮ್ಮ ಮೊಬೈಲ್ ನಂಬರ್ ಹಾಕಬೇಕು. ನಮ್ಮ ಕಡೆ ಅಂಗಡಿಗಳಲ್ಲಿ ಅವಸರಕ್ಕೆ ಹೆಸರಿನ ಜಾಗದಲ್ಲಿ ಬರೀ "ಕ್ಯಾಶ್" ಅಂತ ಬರೆಯುವುದು, ಗಿರಾಕಿಯ ನಂಬರಿನ ಬದಲು ಅಂಗಡಿ ಹುಡುಗನ ನಂಬರ್ ಹಾಕುವುದು ಮಾಮೂಲು. ಆಗ ಒಟಿಪಿ ಅವನ ಫೋನಿಗೆ ಹೋಗುತ್ತದೆ, ನಿಮ್ಮ ಕ್ಲೇಮ್ ತಿರಸ್ಕೃತವಾಗುತ್ತದೆ. ಇನ್ನೊಂದು ತೊಡಕು ಸೀರಿಯಲ್ ನಂಬರಿನದು. ಶೋರೂಮಿನಲ್ಲಿ ತೋರಿಸಿದ್ದು ಒಂದು, ಗೋಡೌನಿನಿಂದ ಬಂದಿದ್ದು ಇನ್ನೊಂದು. ಬಿಲ್ಲಿನಲ್ಲಿ ಮೊದಲಿನದೇ ನಂಬರ್ ಇರುತ್ತದೆ. ಟೆಂಪೋದವರು ಹೊರಡುವ ಮೊದಲೇ ಫ್ರಿಜ್ಜಿನ ಮೇಲಿನ ಸ್ಟಿಕರ್ ಮತ್ತು ಬಿಲ್ಲು ಹೊಂದಿಸಿ ನೋಡಿ, ಸ್ಟಿಕರಿನ ಫೋಟೊ ತೆಗೆಯಿರಿ. ಕಾರ್ಡ್ ಕೈಗೆ ಬರುವವರೆಗೆ ಬಾರ್‌ಕೋಡ್ ಇರುವ ರಟ್ಟಿನ ಡಬ್ಬಿಯನ್ನು ರದ್ದಿಗೆ ಹಾಕಬೇಡಿ.

ಕಾರ್ಡ್ ಬಂತು ಅಂದುಕೊಳ್ಳಿ. ಮೊದಲು ಹಿಂಬದಿಯ ಸಣ್ಣ ಅಕ್ಷರ ಓದಿ. ರುಪೇ ಅಥವಾ ವೀಸಾ ಗುರುತು ಮತ್ತು ಕಾರ್ಡ್ ಕೊಟ್ಟ ಬ್ಯಾಂಕಿನ ಅಥವಾ ಸಂಸ್ಥೆಯ ಹೆಸರಿದ್ದರೆ ಅದು ರಿಸರ್ವ್ ಬ್ಯಾಂಕಿನ 2021ರ ಪ್ರೀಪೇಯ್ಡ್ ನಿಯಮಗಳ ಕೆಳಗೆ ಬರುತ್ತದೆ. ಒಂದೇ ಅಂಗಡಿಯಲ್ಲಿ ಮಾತ್ರ ನಡೆಯುವ ವೋಚರ್ ಆದರೆ ಆ ನಿಯಮ ಅದಕ್ಕಿಲ್ಲ, ಅವರು ಬರೆದ ಷರತ್ತೇ ಷರತ್ತು. ಇಂಥ ಕಾರ್ಡ್ ಸಾಮಾನ್ಯವಾಗಿ ಆ ನಿಯಮದಲ್ಲಿ ಹೇಳಿದ ಗಿಫ್ಟ್ ಕಾರ್ಡ್ ಬಗೆಯದು. ಅದಕ್ಕೂ ಮಿತಿಗಳಿವೆ: ₹10,000ದೊಳಗೆ ಇರಬೇಕು, ಮತ್ತೆ ರೊಕ್ಕ ತುಂಬುವಂತಿಲ್ಲ, ಎಟಿಎಮ್ಮಿನಲ್ಲಿ ತೆಗೆಯುವಂತಿಲ್ಲ, ಇನ್ನೊಬ್ಬರ ಖಾತೆಗೆ ಕಳಿಸುವಂತಿಲ್ಲ. ಒಟಿಪಿಯೂ ಇದಕ್ಕೆ ಕಡ್ಡಾಯವಲ್ಲ, ಹಾಗಾಗಿ ಕಾರ್ಡಿನ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಸಂಭ್ರಮ ಬೇಡ.

ಕಿರಾಣಿ ಅಂಗಡಿ, ತರಕಾರಿ ಸಂತೆ, ಹಾಲಿನವರು, ಎಲ್ಲರ ಹತ್ತಿರ ಕ್ಯೂಆರ್ ಇದೆ, ಸ್ವೈಪ್ ಮಷಿನ್ ಇಲ್ಲ. ಕಾರ್ಡ್ ನಡೆಯುವುದು ದೊಡ್ಡ ಅಂಗಡಿ ಮತ್ತು ಆನ್‌ಲೈನಿನಲ್ಲಿ ಮಾತ್ರ. ಅಲ್ಲೂ ಚಿಲ್ಲರೆ ಉಳಿಯುತ್ತದೆ. ₹1,740ರ ಸಾಮಾನು ತಂದರೆ ₹260 ಬಾಕಿ. ಮುಂದಿನ ಸಲ ₹310ರ ಬಿಲ್ಲಿಗೆ ಉಜ್ಜಿದರೆ ಮಷಿನ್ ಪೂರ್ತಿ ₹310 ಕೇಳುತ್ತದೆ, ಅಷ್ಟಿಲ್ಲದ್ದಕ್ಕೆ ಡಿಕ್ಲೈನ್ ಆಗುತ್ತದೆ. ಕಾರ್ಡ್ ಕೆಟ್ಟಿತು ಅಂತ ತಿಳಿದು ಜನ ಒಳಗಿಟ್ಟುಬಿಡುತ್ತಾರೆ. ಮೊದಲೇ ಬಾಕಿ ನೋಡಿಕೊಂಡು ಕ್ಯಾಶಿಯರಿಗೆ "ಕಾರ್ಡಿಗೆ ಬರೀ 260 ಹಾಕ್ರಿ, 50 ಫೋನ್‌ಪೇ ಮಾಡ್ತೀನಿ" ಅನ್ನಿ. ಆನ್‌ಲೈನಿನಲ್ಲಿ ಎರಡು ಕಾರ್ಡ್ ಸೇರಿಸಿ ಕಟ್ಟಲು ಸಾಮಾನ್ಯವಾಗಿ ಬಿಡುವುದಿಲ್ಲ. ಬಾಕಿಯಷ್ಟೇ ಮೊತ್ತದ ಮೊಬೈಲ್ ರೀಚಾರ್ಜ್ ಇದ್ದರೆ ಅದಕ್ಕೆ ಮುಗಿಸಿ.

ಅವಧಿ ಕನಿಷ್ಠ 1 ವರ್ಷ. ಅದನ್ನು ಎಣಿಸುವುದು ಕಾರ್ಡ್ ಹೊರಡಿಸಿದ ದಿನದಿಂದ, ನೀವು ಲಕೋಟೆ ಒಡೆದ ದಿನದಿಂದಲ್ಲ. ಮುಗಿಯುವ ಮುಂಚಿನ 45 ದಿನಗಳಲ್ಲಿ ಕಾರ್ಡ್ ಕೊಟ್ಟ ಸಂಸ್ಥೆಯವರು ಎಸ್‌ಎಂಎಸ್ ಅಥವಾ ಇಮೇಲಿನಲ್ಲಿ ಎಚ್ಚರಿಸಬೇಕು; ನಂಬರ್ ತಪ್ಪಿದ್ದರೆ ಎಚ್ಚರಿಕೆಯೂ ಆ ಅಂಗಡಿ ಹುಡುಗನಿಗೇ. ಅವಧಿ ಮುಗಿದರೆ ಎಲ್ಲಾ ಮುಗಿಯಿತು ಅಂತಲ್ಲ. ಗಿಫ್ಟ್ ಕಾರ್ಡನ್ನು ಕೇಳಿಕೊಂಡರೆ ಮತ್ತೆ ಚಾಲ್ತಿ ಮಾಡಿಕೊಡಬಹುದು. ಬ್ಯಾಂಕಲ್ಲದ ಸಂಸ್ಥೆಯ ಕಾರ್ಡಾದರೆ, ಉಳಿದ ಮೊತ್ತವನ್ನು ಕನಿಷ್ಠ 3 ವರ್ಷ ಅವರು ತಮ್ಮ ಲಾಭಕ್ಕೆ ಸೇರಿಸಿಕೊಳ್ಳುವಂತಿಲ್ಲ, ಕೇಳಿದರೆ ನಿಮ್ಮ ಬ್ಯಾಂಕ್ ಖಾತೆಗೆ ಕೊಡಬೇಕು. ಅವರಾಗಿ ಕೊಡುವುದಿಲ್ಲ, ಕೇಳಲೇಬೇಕು.

ಅಂಗಡಿಯವರು ಬಿಲ್ಲಿನಲ್ಲಿ ಬಿಡಲು ಒಪ್ಪದಿದ್ದರೆ ಸ್ಕೀಮಿನ ಹೆಸರು, ಮೊತ್ತ, ಕ್ಲೇಮಿನ ಕೊನೇ ದಿನವನ್ನು ಬಿಲ್ಲಿನ ಮೇಲೇ ಬರೆಸಿ ಸಹಿ, ಸಿಕ್ಕಾ ಹಾಕಿಸಿಕೊಳ್ಳಿ. ಮುಂದೆ ಕಂಪನಿ ಕಾರ್ಡೇ ಕಳಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬೇಕು. ಕಾರ್ಡ್ ಬಂದು ಅದರಲ್ಲಿನ ರೊಕ್ಕದ ತಕರಾರು ಇದ್ದರೆ ಮೊದಲು ಕಾರ್ಡ್ ಕೊಟ್ಟ ಸಂಸ್ಥೆಗೆ ಬರೆದು ಕೊಡಿ. 30 ದಿನದಲ್ಲಿ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗಿರಾಕಿಗಳ ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನಿನಲ್ಲೇ ದೂರು ಹಾಕಬಹುದು, ಮಾಹಿತಿಗೆ 14448. ಎರಡಕ್ಕೂ ಆ ಸಹಿ ಮಾಡಿದ ಬಿಲ್ಲು ಉಪಯೋಗಕ್ಕೆ ಬರುತ್ತದೆ.