ನೆವರ್ ಆದಮೇಲೆ ‘ವೆಂಟ್’ ಸರಿಯೋ, ‘ಗೋ’ ಸರಿಯೋ?

ಪ್ರಶ್ನೆ: ಮೇಡಂ, ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತೇನೆ. ‘ಐ ಯೆಸ್ಟರ್ಡೇ ಕೇಮ್’ ಅಂದೆ, ಎಲ್ಲರೂ ನಕ್ಕರು. ‘ಐ ಜಸ್ಟ್ ಕೇಮ್’ ಮಾತ್ರ ಸರಿಯಂತೆ. ಎರಡರಲ್ಲೂ ಪದ ಇರುವುದು ‘ಕೇಮ್’ಗೆ ಮುಂಚೆಯೇ ಅಲ್ವಾ? ಇನ್ನೊಂದು: ‘ನೆವರ್’ ಆದಮೇಲೆ ‘ವೆಂಟ್’ ಬರಬೇಕೋ, ‘ಗೋ’ ಬರಬೇಕೋ?
– ಓದುಗರು, ದಾವಣಗೆರೆ

ಉತ್ತರ: ಎರಡನೆಯದು ಸುಲಭ, ಅದನ್ನು ಮೊದಲು ಮುಗಿಸೋಣ. ಹಿಂದೆ ನಡೆದದ್ದನ್ನು ಹೇಳುವುದಾದರೆ ‘ಐ ನೆವರ್ ವೆಂಟ್’ ಸರಿ. ‘ಡಿಡ್ ನಾಟ್ ಗೋ’ ಅನ್ನುತ್ತೇವಲ್ಲ, ‘ನೆವರ್’ ಕೂಡ ‘ಇಲ್ಲ’ ಅಂತಲೇ ಹೇಳುತ್ತದೆ, ಹಾಗಾಗಿ ಇಲ್ಲೂ ‘ಗೋ’ ಇರಬೇಕು ಅಂತ ನಿಮಗೆ ಅನ್ನಿಸಿದೆ. ಆದರೆ ಅಲ್ಲಿ ‘ಗೋ’ ಆಗಲು ಕಾರಣ ‘ನಾಟ್’ ಅಲ್ಲ, ‘ಡಿಡ್’. ಭೂತಕಾಲವನ್ನು ‘ಡಿಡ್’ ತಾನೇ ಹೊತ್ತುಕೊಂಡಿರುತ್ತದೆ. ಹಾಗಾಗಿ ಕ್ರಿಯಾಪದ ಹಗುರಾಗಿ ಮೂಲರೂಪಕ್ಕೆ ಬರುತ್ತದೆ. ‘ನೆವರ್’ ಅಂಥ ಭಾರ ಹೊರುವುದಿಲ್ಲ. ‘ಆಲ್ವೇಸ್’, ‘ಆಫನ್’, ‘ಸಡನ್ಲಿ’ ಯಾವುದು ಬಂದು ಕೂತರೂ ‘ವೆಂಟ್’ ‘ವೆಂಟ್’ ಆಗಿಯೇ ಇರುತ್ತದೆ. ‘ಪುಟ್’, ‘ಕಟ್’ ಥರದವುಗಳಲ್ಲಿ ಮಾತ್ರ ಸ್ವಲ್ಪ ಕಿವಿಗೊಡಬೇಕು. ‘ಹೀ ಆಲ್ವೇಸ್ ಪುಟ್ ದ ಕೀ ಹಿಯರ್’ ಅಂದರೆ ಯಾವಾಗಲೂ ಇಲ್ಲೇ ಇಡುತ್ತಿದ್ದ. ‘ಪುಟ್ಸ್’ ಅಂದರೆ ಈಗಲೂ ಇಡುತ್ತಾನೆ. ಇರುವ ವ್ಯತ್ಯಾಸ ಕೊನೆಯ ಒಂದು ‘ಸ್’ ಅಷ್ಟೇ.

ಇನ್ನು ‘ಯೆಸ್ಟರ್ಡೇ’. ಇದರಲ್ಲಿ ತಪ್ಪು ನಿಮ್ಮದಲ್ಲ, ನಮ್ಮ ಕನ್ನಡದ ಅಭ್ಯಾಸದ್ದು. ನಮ್ಮಲ್ಲಿ ಕ್ರಿಯಾಪದಕ್ಕೆ ವಾಕ್ಯದ ಕೊನೆಯ ಜಾಗ. ‘ನಾನು ನಿನ್ನೆ ಬಸ್ಸಲ್ಲಿ ನಿಧಾನವಾಗಿ ಹರಿಹರಕ್ಕೆ ಬಂದೆ’ ಅನ್ನುವಾಗ ಎಲ್ಲವೂ ‘ಬಂದೆ’ಗೆ ಮುಂಚೆಯೇ ಸಾಲಾಗಿ ನಿಂತಿವೆ. ಇಂಗ್ಲಿಷಿನಲ್ಲೂ ನಾವು ಸಿಕ್ಕಿದ್ದನ್ನೆಲ್ಲ ತಂದು ಅಲ್ಲೇ ಕೂರಿಸುತ್ತೇವೆ. ಅಲ್ಲಿ ಆ ಸೀಟು ಚಿಕ್ಕದು. ಎಷ್ಟು ಸಲ ಅಂತ ಹೇಳುವ ‘ಆಲ್ವೇಸ್’, ‘ನೆವರ್’, ‘ಆಫನ್’, ‘ಯೂಶುವಲಿ’, ಜೊತೆಗೆ ‘ಜಸ್ಟ್’, ‘ಆಲ್ರೆಡಿ’, ‘ಆಲ್ಮೋಸ್ಟ್’, ‘ಫೈನಲಿ’ ಇಂಥವಕ್ಕೆ ಅಲ್ಲಿ ಜಾಗ ಉಂಟು. ‘ಯೆಸ್ಟರ್ಡೇ’, ‘ಲಾಸ್ಟ್ ವೀಕ್’ ಅಂತ ಇಂಥದ್ದೇ ದಿನ, ಇಂಥದ್ದೇ ಹೊತ್ತು ಹೇಳುವ ಮಾತು ವಾಕ್ಯದ ಮೊದಲಿಗೋ ಕೊನೆಗೋ ಹೋಗಬೇಕು. ‘ಐ ಕೇಮ್ ಯೆಸ್ಟರ್ಡೇ’. ‘ಸ್ಲೋಲಿ’, ‘ಕ್ವಿಕ್ಲಿ’ ಮುಂಚೆಯೂ ಬರಬಹುದು, ಆಮೇಲೂ ಬರಬಹುದು. ಆದರೆ ಕುಡಿದದ್ದಕ್ಕೂ ಟೀಗೂ ನಡುವೆ ತೂರಿಸಬೇಡಿ. ‘ಡ್ರ್ಯಾಂಕ್ ಕ್ವಿಕ್ಲಿ ದ ಟೀ’ ಆಗದು, ‘ಕ್ವಿಕ್ಲಿ ಡ್ರ್ಯಾಂಕ್ ದ ಟೀ’ ಆಗುತ್ತದೆ. ‘ವಾಸ್’ ಇದ್ದರೆ ಪದ ಅದರ ಆಚೆಗೆ ಹೋಗುತ್ತದೆ: ‘ಹೀ ವಾಸ್ ಆಲ್ವೇಸ್ ಲೇಟ್’.

‘ವೆಲ್’, ‘ಹಾರ್ಡ್’, ‘ಫಾಸ್ಟ್’ ಕ್ರಿಯಾಪದ ಆದಮೇಲೇ ಬರುತ್ತವೆ. ಇಲ್ಲೊಂದು ಗುಂಡಿ ಇದೆ. ನನ್ನ ಒಬ್ಬ ಶಿಷ್ಯ ಕೆಲಸದ ಅರ್ಜಿಯಲ್ಲಿ ‘ಐ ಹಾರ್ಡ್ಲಿ ವರ್ಕ್ಡ್ ಫಾರ್ ತ್ರೀ ಇಯರ್ಸ್’ ಅಂತ ಬರೆದು ತಂದಿದ್ದ. ಮೂರು ವರ್ಷ ಮೈಮುರಿದು ದುಡಿದೆ ಅಂತ ಅವನ ಲೆಕ್ಕ. ಓದಿದವರಿಗೆ ಮೂರು ವರ್ಷ ಕೆಲಸವನ್ನೇ ಮಾಡಲಿಲ್ಲ ಅಂತ ಕಾಣುತ್ತದೆ! ‘ವರ್ಕ್ಡ್ ಹಾರ್ಡ್’ ಅಂತ ತಿದ್ದಿ ಕಳಿಸಿದೆ.

ಪ್ರಶ್ನೆ: ‘ಆಲ್ಮೋಸ್ಟ್’ ಅಂದರೆ ‘ಹೆಚ್ಚುಕಡಿಮೆ’ ತಾನೆ? ‘ಐ ಆಲ್ಮೋಸ್ಟ್ ಫೆಲ್’ ಅಂದರೆ ಬಿದ್ದ ಹಾಗೋ, ಬೀಳದ ಹಾಗೋ?
– ಓದುಗರು, ಶಿರಸಿ

ಉತ್ತರ: ಬೀಳದ ಹಾಗೆ. ಇದನ್ನು ನಾನು ರಜೆ ಅರ್ಜಿ ಬರೆದು ಕಲಿತೆ. ಕೆಲಸಕ್ಕೆ ಸೇರಿದ ಹೊಸತು. ನೀರು ಚೆಲ್ಲಿದ ಮೆಟ್ಟಿಲಲ್ಲಿ ಕಾಲು ಜಾರಿತು. ಗೋಡೆ ಹಿಡಿದುಕೊಂಡೆ, ಆದರೂ ಕುಕ್ಕರಿಸಿ ಬಿದ್ದೆ, ಪಾದ ಉಳುಕಿತು. ಪೂರ್ತಿ ಬೀಳಲಿಲ್ಲವಲ್ಲ ಅಂತ ಪ್ರಾಮಾಣಿಕವಾಗಿ ‘ಐ ಆಲ್ಮೋಸ್ಟ್ ಫೆಲ್’ ಅಂತ ಬರೆದು ಎರಡು ದಿನ ರಜೆ ಕೇಳಿದೆ. ಹೆಡ್ಮಾಸ್ಟರು ಕನ್ನಡಕ ಕೆಳಗಿಳಿಸಿ, ‘ಏನಮ್ಮಾ, ಇನ್ನೇನು ಬೀಳೋದ್ರಲ್ಲಿದ್ದೆ ಅಂತ ಬರೆದಿದ್ದೀರಿ. ಬೀಳದವರಿಗೆ ರಜೆ ಯಾಕೆ?’ ಅಂದರು. ರಜೆ ಕೊಟ್ಟರು ಅನ್ನಿ. ಆದರೆ ಸ್ಟಾಫ್ ರೂಮಿನಲ್ಲಿ ಆ ವರ್ಷ ಪೂರ್ತಿ ನಾನು ಆಲ್ಮೋಸ್ಟ್ ಮೇಡಂ.

ಭೂತಕಾಲದ ಕ್ರಿಯಾಪದಕ್ಕೆ ಮುಂಚೆ ‘ಆಲ್ಮೋಸ್ಟ್’ ಅಥವಾ ‘ನಿಯರ್ಲಿ’ ಬಂದರೆ ಆ ಕೆಲಸ ನಡೆಯಲೇ ಇಲ್ಲ ಅಂತ ತಿಳಿಯಿರಿ. ‘ಐ ನಿಯರ್ಲಿ ಮಿಸ್ಡ್ ದ ಬಸ್’ ಅಂದವರು ಬಸ್ಸಿನೊಳಗೇ ಕೂತಿರುತ್ತಾರೆ.

ಪ್ರಶ್ನೆ: ‘ಐ ಟೋಲ್ಡ್ ಯೂ ಯೆಸ್ಟರ್ಡೇ ಓನ್ಲಿ’ ಅಂದರೆ ಮಗಳು ನಗುತ್ತಾಳೆ. ತಪ್ಪಾ?
– ಓದುಗರು, ತಿಪಟೂರು

ಉತ್ತರ: ನಿಮ್ಮ ಬಾಯಲ್ಲಿ ಬಂದದ್ದು ಕನ್ನಡದ ‘ಏ’. ‘ನಿನ್ನೆನೇ ಹೇಳಿದ್ನಲ್ಲ’ ಅನ್ನುವ ಒತ್ತನ್ನು ‘ಓನ್ಲಿ’ಗೆ ಹೊರಿಸಿದ್ದೀರಿ. ನಮ್ಮ ದೇಶದ ಇಂಗ್ಲಿಷಿನಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತದೆ, ಮಗಳು ಅಷ್ಟು ನಗಬೇಕಿಲ್ಲ. ಆದರೆ ಲಂಡನ್ನಿನವರ ಕಿವಿಗೆ ‘ನಿನ್ನೆ ಮಾತ್ರ ಹೇಳಿದೆ, ಬೇರೆ ದಿನ ಹೇಳಲಿಲ್ಲ’ ಅಂತ ಕೇಳಿಸಬಹುದು. ಆ ಒತ್ತು ಬೇಕಿದ್ದರೆ ‘ಐ ಡಿಡ್ ಟೆಲ್ ಯೂ ಯೆಸ್ಟರ್ಡೇ’ ಅನ್ನಿ. ‘ಡಿಡ್’ ಬಂತು, ‘ಟೋಲ್ಡ್’ ಹೋಗಿ ‘ಟೆಲ್’ ಆಯಿತು, ನೋಡಿದಿರಾ?

‘ಐ ಓನ್ಲಿ ಏಟ್ ಟೂ ಇಡ್ಲೀಸ್’ ಅನ್ನಬಹುದಾ ಅಂತಲೂ ಕೇಳಿದ್ದೀರಿ. ಅನ್ನಬಹುದು. ‘ಓನ್ಲಿ’ ಎರಡರ ಪಕ್ಕದಲ್ಲೇ ಕೂರಬೇಕು ಅಂತ ಹಟ ಹಿಡಿಯುವ ಪಂಡಿತರಿದ್ದಾರೆ. ತಿಂದದ್ದು ಎರಡೇ ಅಂತ ಹೇಗೂ ಗೊತ್ತಾಗುತ್ತಲ್ಲ, ನಾನಂತೂ ಅಂಕ ಕಳೆಯುವುದಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ‘ಐ ಆಲ್ರೆಡಿ ಏಟ್’ ಅನ್ನುತ್ತಾನೆ. ನಾವು ಕಲಿತದ್ದು ‘ಐ ಹ್ಯಾವ್ ಆಲ್ರೆಡಿ ಈಟನ್’.
– ಓದುಗರು, ಮೈಸೂರು

ಉತ್ತರ: ಅವನದು ಅಲ್ಲಿಯ ರೂಢಿ, ನಿಮ್ಮದು ಬ್ರಿಟಿಷ್ ರೂಢಿ. ‘ಜಸ್ಟ್’ ವಿಷಯವೂ ಹೀಗೇ. ಪರೀಕ್ಷೆ ಬರೆಯುವ ಮಕ್ಕಳು ನಿಮ್ಮದನ್ನೇ ಬರೆಯಲಿ.

ಪ್ರಶ್ನೆ: ಆಫೀಸಿನ ಗೆಳತಿ ತಾನೇ ಮಾಡಿದ ಕೇಕ್ ತಂದಿದ್ದಳು. ಅವಳಿಗೆ ಕನ್ನಡ ಬರುವುದಿಲ್ಲ. ‘ಅಷ್ಟೇನೂ ಇಷ್ಟ ಆಗಲಿಲ್ಲ’ ಅನ್ನೋಣ ಅಂತ ‘ಐ ರಿಯಲಿ ಡಿಡಂಟ್ ಲೈಕ್ ಇಟ್’ ಅಂದೆ. ಎರಡು ದಿನದಿಂದ ಮಾತಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಅಯ್ಯೋ! ‘ರಿಯಲಿ’ ಒಂದು ಪದದಷ್ಟು ಆಚೀಚೆ ಆಗಿ ಇಷ್ಟೆಲ್ಲ ಆಯಿತು. ‘ಡಿಡಂಟ್’ಗೆ ಮುಂಚೆ ಇಟ್ಟರೆ ಆ ‘ಇಲ್ಲ’ಕ್ಕೇ ಒತ್ತು ಬೀಳುತ್ತದೆ: ‘ನನಗೆ ಖಂಡಿತ ಇಷ್ಟ ಆಗಲಿಲ್ಲ’. ‘ಐ ಡಿಡಂಟ್ ರಿಯಲಿ ಲೈಕ್ ಇಟ್’ ಅಂದಿದ್ದರೆ ‘ರಿಯಲಿ’ ‘ಇಲ್ಲ’ದ ಒಳಗೆ ಸೇರಿ ಮೆತ್ತಗಾಗುತ್ತಿತ್ತು: ‘ಅಷ್ಟೇನೂ ಇಷ್ಟ ಆಗಲಿಲ್ಲ’. ‘ಡಿಡಂಟ್ ಆಲ್ವೇಸ್ ಗೋ’ ಅಂದಾಗಲೂ ಹಾಗೇ, ಆಗೊಮ್ಮೆ ಈಗೊಮ್ಮೆಯಾದರೂ ಹೋಗಿದ್ದಾರೆ ಅಂತ ಆಯಿತು.

ಇದನ್ನೆಲ್ಲ ಅವಳಿಗೆ ವಿವರಿಸಲು ಹೋಗಬೇಡಿ. ಕೇಕ್ ಮಾಡಿದವರಿಗೆ ಮೆತ್ತಗಿನದೂ ಚುಚ್ಚುತ್ತದೆ. ನಾಳೆ ನಾಲ್ಕು ಒಬ್ಬಟ್ಟು ಡಬ್ಬಿಗೆ ಹಾಕಿಕೊಂಡು ಹೋಗಿ ಕೊಡಿ. ತಿಂದು ‘ಐ ಆಲ್ಮೋಸ್ಟ್ ಲೈಕ್ಡ್ ಇಟ್’ ಅಂದಳೋ, ಲೆಕ್ಕ ಚುಕ್ತಾ.