ಬರಹಗಾರರಿಗೆ ಸಲಹೆ: ಆಕಾಶ ಮೊದಲೋ, ತೇಜಸ್ಸು ಮೊದಲೋ?

ಪ್ರಿಯ ಲೇಖಕರೇ,

ನಮಸ್ಕಾರ. ನಿಮ್ಮ ‘ಸೃಷ್ಟಿ: ಗ್ರಂಥಗಳ ಗೊಂದಲ’ ತಲುಪಿದೆ. ವೇದ, ಉಪನಿಷತ್ತು, ಬೈಬಲ್, ಕುರಾನ್‌ಗಳಿಂದ ಸೃಷ್ಟಿಯ ಬಗೆಗಿನ ಹನ್ನೊಂದು ಹೇಳಿಕೆಗಳನ್ನು ಆರಿಸಿ, ಇವು ಒಂದಕ್ಕೊಂದು ಹೊಂದುವುದಿಲ್ಲವಾದ್ದರಿಂದ ಯಾವುದೂ ನಂಬತಕ್ಕದ್ದಲ್ಲ ಎಂದಿದ್ದೀರಿ. ಕೊನೆಯ ಎರಡು ಪುಟಗಳಲ್ಲಿ ಮಾತ್ರ ಪುರಾಣದ ಕಲ್ಪದ (ಬ್ರಹ್ಮನ ಒಂದು ಹಗಲಿನ) ಲೆಕ್ಕ ವಿಜ್ಞಾನಕ್ಕೆ ಸರಿಹೊಂದುತ್ತದೆ ಎಂದು ಹಿಗ್ಗಿದ್ದೀರಿ.

ಲೇಖನ ಈ ರೂಪದಲ್ಲಿ ಅಚ್ಚಿಗೆ ಹೋಗುವುದಿಲ್ಲ. ನಿಮ್ಮ ತೀರ್ಮಾನ ನಮಗೆ ಹಿಡಿಸಲಿಲ್ಲ ಎಂಬುದು ಕಾರಣವಲ್ಲ. ವಿರೋಧವಿದೆ ಎಂದು ಹನ್ನೊಂದು ಸಲ ಬರೆದಿದ್ದೀರಿ, ಒಂದು ಸಲವೂ ಸಾಧಿಸಿಲ್ಲ. ಆದರೆ ವಿಷಯ ದೊಡ್ಡದು, ನಿಮಗೆ ಓದುವ ಹಸಿವಿದೆ, ವಾಕ್ಯ ಕಟ್ಟಲು ಬರುತ್ತದೆ. ಹಾಗಾಗಿ ಎಲ್ಲಿ ಕೆಟ್ಟಿದೆ, ಹೇಗೆ ಸರಿಮಾಡಬಹುದು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಎರಡು ಮಾತುಗಳು ಬೇರೆಬೇರೆಯಾಗಿದ್ದ ಮಾತ್ರಕ್ಕೆ ವಿರೋಧವಾಗುವುದಿಲ್ಲ. ಎರಡೂ ಒಂದೇ ವಸ್ತುವಿನ ಬಗ್ಗೆ, ಒಂದೇ ಪ್ರಶ್ನೆಗೆ ಉತ್ತರವಾಗಿ ಬಂದಿರಬೇಕು; ಒಂದು ಹೌದೆಂದದ್ದನ್ನು ಇನ್ನೊಂದು ಅಲ್ಲವೆಂದಿರಬೇಕು. ಹೇಳದೆ ಬಿಟ್ಟದ್ದು ಅಲ್ಲಗಳೆದದ್ದಲ್ಲ. ನಿಮ್ಮ ಹನ್ನೊಂದರಲ್ಲಿ ಏಳು ಈ ಮೊದಲ ಜರಡಿಯಲ್ಲೇ ಉದುರಿಹೋಗುತ್ತವೆ. ನಾಸದೀಯ ಸೂಕ್ತವನ್ನೇ ನೋಡಿ (ಋಗ್ವೇದ 10.129). ಅದರ 6ನೆಯ ಮಂತ್ರ ‘ಕೋ ಅದ್ಧಾ ವೇದ’, ನಿಜವಾಗಿ ಬಲ್ಲವರು ಯಾರು ಎಂದು ಕೇಳುತ್ತದೆ. ದೇವತೆಗಳೂ ಸೃಷ್ಟಿಯಿಂದ ಈಚೆಗೆ ಬಂದವರು ಎನ್ನುತ್ತದೆ. ಪ್ರಶ್ನೆಯೊಂದನ್ನು, ಆದಿಯಲ್ಲಿ ಹಿರಣ್ಯಗರ್ಭನಿದ್ದ ಎಂಬ ಹಿರಣ್ಯಗರ್ಭ ಸೂಕ್ತದ ಹೇಳಿಕೆಯ ಎದುರು ಸಾಕ್ಷಿಯಾಗಿ ನಿಲ್ಲಿಸಲಾಗದು. ‘ವೇದವೇ ದೇವರಿಲ್ಲ ಎಂದಿದೆ’ ಎಂಬ ನಿಮ್ಮ ವಾಕ್ಯಕ್ಕೂ ಅಲ್ಲಿ ಆಧಾರವಿಲ್ಲ. ಕೊನೆಯ ಮಂತ್ರದಲ್ಲಿ ಪರಮ ವ್ಯೋಮದಲ್ಲಿರುವ ಅಧ್ಯಕ್ಷನೊಬ್ಬನ ಮಾತಿದೆ. ಅವನಿಗೆ ಗೊತ್ತಿರಬಹುದು, ಅಥವಾ ಅವನಿಗೂ ಗೊತ್ತಿಲ್ಲದಿರಬಹುದು ಎಂಬಲ್ಲಿಗೆ ಸೂಕ್ತ ನಿಲ್ಲುತ್ತದೆ. ಅದನ್ನು ಅಲ್ಲಿಗೇ ಬಿಡಿ.

ಜರಡಿಯಲ್ಲಿ ಉಳಿಯುವ ಗಟ್ಟಿ ಜೋಡಿ ನಿಮ್ಮ ಮೂರನೆಯ ಪುಟದಲ್ಲಿದೆ. ತೈತ್ತಿರೀಯ ಉಪನಿಷತ್ತು (2.1) ಆತ್ಮನಿಂದ ಆಕಾಶ, ಆಕಾಶದಿಂದ ವಾಯು, ವಾಯುವಿನಿಂದ ಅಗ್ನಿ, ಅಗ್ನಿಯಿಂದ ನೀರು, ನೀರಿನಿಂದ ಪೃಥಿವಿ ಎನ್ನುತ್ತದೆ. ಛಾಂದೋಗ್ಯ ಉಪನಿಷತ್ತು (6.2.3) ಆಕಾಶ, ವಾಯುಗಳ ಸುದ್ದಿಯೇ ಎತ್ತದೆ ‘ತತ್ತೇಜೋಽಸೃಜತ’, ಅದು ತೇಜಸ್ಸನ್ನು (ಅಗ್ನಿಯನ್ನು) ಸೃಷ್ಟಿಸಿತು, ಎಂದು ಶುರುಮಾಡುತ್ತದೆ. ಇದನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ‘ಇದನ್ನು ಯಾರೂ ಗಮನಿಸಿದಂತಿಲ್ಲ’ ಎಂದು ಷರಾ ಬರೆದಿದ್ದೀರಿ. ಇಡೀ ಲೇಖನದಲ್ಲಿ ನಮಗೆ ತುಂಬ ಬೇಸರವಾದದ್ದು ಈ ವಾಕ್ಯದಿಂದ. ಉಪನಿಷತ್ತುಗಳ ಮಾತುಗಳನ್ನು ಹೊಂದಿಸಿ ನೋಡುವ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಹೆಸರೇ ಅವಿರೋಧಾಧ್ಯಾಯ. ಅದರ ಮೂರನೆಯ ಪಾದ ತೆರೆಯುವುದೇ ಈ ಜೋಡಿಯಿಂದ: ‘ನ ವಿಯದಶ್ರುತೇಃ’.

ಆಕಾಶದ ಹುಟ್ಟನ್ನು ಚರ್ಚಿಸುವ ಆ ಪ್ರಕರಣವನ್ನು, ವಿಯದಧಿಕರಣವನ್ನು (2.3.1ರಿಂದ 7), ಶಾಂಕರಭಾಷ್ಯದೊಡನೆ ಒಮ್ಮೆ ನಿಧಾನವಾಗಿ ಓದಿ. ಎದುರುವಾದಿಯ ಮೊದಲ ಮಾತು: ಆಕಾಶಕ್ಕೆ ಹುಟ್ಟಿಲ್ಲ, ಛಾಂದೋಗ್ಯ ಹೇಳಿಲ್ಲ. ‘ಅಸ್ತಿ ತು’ ಎಂದು ಉತ್ತರ: ಇದೆ, ತೈತ್ತಿರೀಯದಲ್ಲಿದೆ. ಅವನು ಬಿಡುವುದಿಲ್ಲ. ಆಕಾಶ ಹುಟ್ಟುವುದು ಅಸಂಭವ, ಆದ್ದರಿಂದ ತೈತ್ತಿರೀಯದ ಮಾತು ಗೌಣ, ಅಕ್ಷರಶಃ ಹಿಡಿಯತಕ್ಕದ್ದಲ್ಲ ಎನ್ನುತ್ತಾನೆ. ಮೇಲೆ ಬೃಹದಾರಣ್ಯಕದಿಂದ (2.3.3) ವಾಯು ಮತ್ತು ಅಂತರಿಕ್ಷ ಅಮೃತ ಎಂಬ ವಾಕ್ಯ ತಂದಿಡುತ್ತಾನೆ. ನಿಮ್ಮ ಲೇಖನದಲ್ಲಿರುವ ವಾದಕ್ಕಿಂತ ಇದು ಎಷ್ಟೋ ಬಲವಾದದ್ದು. ಸಿದ್ಧಾಂತ ಬರುವುದು 6ನೆಯ ಸೂತ್ರದಲ್ಲಿ. ಒಂದನ್ನು ತಿಳಿದರೆ ಎಲ್ಲವನ್ನೂ ತಿಳಿದಂತಾಗುತ್ತದೆ ಎಂದು ಛಾಂದೋಗ್ಯದ ಆರನೆಯ ಅಧ್ಯಾಯ ಆರಂಭದಲ್ಲೇ ಪ್ರತಿಜ್ಞೆ ಮಾಡಿದೆ. ಆಕಾಶ ಬ್ರಹ್ಮದಿಂದ ಹುಟ್ಟದೆ ಬೇರೆಯಾಗಿ ಉಳಿದರೆ ಆ ಪ್ರತಿಜ್ಞೆ ಮುರಿಯುತ್ತದೆ. ಅಂದರೆ ಆಕಾಶವನ್ನು ಹೆಸರಿಸದ ಛಾಂದೋಗ್ಯಕ್ಕೇ ಆಕಾಶದ ಹುಟ್ಟು ಬೇಕಾಗಿದೆ.

ಹಾಗಾದರೆ ತೇಜಸ್ಸು ಮೊದಲು ಎಂಬುದರ ಗತಿ? ಛಾಂದೋಗ್ಯದ ಆ ವಾಕ್ಯದಲ್ಲಿ ‘ಮೊದಲು’ ಎಂಬ ಪದವಿಲ್ಲ, ಮೂಲ ತೆರೆದು ನೋಡಿ. ಪಟ್ಟಿಯಲ್ಲಿ ಮೊದಲು ಬಂದದ್ದರಿಂದ ನಾವು ಹಾಗೆ ಊಹಿಸುತ್ತೇವೆ. ಕ್ರಮ ಎನ್ನುವುದು ಪದಾರ್ಥದ ಧರ್ಮ; ಊಹಿಸಿದ ಕ್ರಮವೊಂದನ್ನು ಉಳಿಸಿಕೊಳ್ಳಲು, ಇನ್ನೊಂದು ಶ್ರುತಿ (ವೇದವಾಕ್ಯ) ಬಾಯಿಬಿಟ್ಟು ಹೇಳಿದ ಪದಾರ್ಥವನ್ನೇ ಕೈಬಿಡಬಾರದು ಎಂದು ಭಾಷ್ಯ ವಾದಿಸುತ್ತದೆ. ಆದ್ದರಿಂದ ಆಕಾಶ, ವಾಯುಗಳನ್ನು ಸೃಷ್ಟಿಸಿ ಆಮೇಲೆ ತೇಜಸ್ಸನ್ನು ಸೃಷ್ಟಿಸಿತು ಎಂದು ಸೇರಿಸಿ ಓದುವುದು. ಈ ಉತ್ತರ ನಿಮಗೆ ಒಪ್ಪಿಗೆಯಾಗಬೇಕಿಲ್ಲ. ಒಪ್ಪದಿದ್ದರೆ ಇದರ ಯಾವ ಕೀಲು ಸಡಿಲ ಎಂದು ತೋರಿಸಿ. ಲೇಖನ ಅಲ್ಲಿಂದ ಶುರುವಾಗುತ್ತದೆ.

ಇನ್ನೂ ಸ್ವಾರಸ್ಯದ ಸಂಗತಿ ಅದೇ ಗ್ರಂಥದಲ್ಲಿದೆ. 1.4.14ರ ಭಾಷ್ಯದಲ್ಲಿ ಶಂಕರರು, ಸೃಷ್ಟಿಯ ವಿವರಗಳಲ್ಲಿ ಭೇದವಿದ್ದರೆ ಇರಲಿ, ಅದನ್ನು ಬೋಧಿಸುವುದು ಶ್ರುತಿಯ ಉದ್ದೇಶವಲ್ಲ, ಕಾರಣ ಬ್ರಹ್ಮ ಎಂಬಲ್ಲಿ ಭೇದವಿಲ್ಲ ಎನ್ನುತ್ತಾರೆ. ಅದ್ವೈತದ ಹಿರಿಯ ಆಚಾರ್ಯ ಗೌಡಪಾದರ ಕಾರಿಕೆಯಲ್ಲೂ (3.15) ಮಣ್ಣು, ಲೋಹ, ಕಿಡಿಗಳ ದೃಷ್ಟಾಂತದ ಸೃಷ್ಟಿಕಥನ ಬುದ್ಧಿಯನ್ನು ಇಳಿಸಲು ಒಂದು ಉಪಾಯವಷ್ಟೇ. ವಿವರ ಮುಖ್ಯವಲ್ಲದಿದ್ದರೆ 2.3ರಲ್ಲಿ ಅದೇ ವಿವರಗಳನ್ನು ಹೊಂದಿಸಲು ಅಷ್ಟು ಶ್ರಮ ಏಕೆ? ಇದು ಕೇಳಬೇಕಾದ ಪ್ರಶ್ನೆ. ಇದೊಂದರ ಮೇಲೆ ಎರಡು ಪುಟ ಬರೆದರೂ ನಾವು ಸಂತೋಷದಿಂದ ಹಾಕುತ್ತೇವೆ.

ಅದ್ವೈತದ ಉತ್ತರವನ್ನೇ ‘ಹಿಂದೂ ಉತ್ತರ’ ಎಂದು ಕರೆಯಬೇಡಿ. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅದ್ವೈತ, ವಿಶಿಷ್ಟಾದ್ವೈತ, ದ್ವೈತ ಮೂರೂ ಮತದ ಓದುಗರಿದ್ದಾರೆ. ಅವರವರ ಆಚಾರ್ಯರ ಮಾತು ಅವರಿಗೆ ಗೊತ್ತು. ದ್ವೈತದಲ್ಲಿ ಅವ್ಯಾಕೃತಾಕಾಶ (ಬರಿಯ ಅವಕಾಶ) ನಿತ್ಯ, ಭೂತಾಕಾಶ (ಪಂಚಭೂತಗಳಲ್ಲಿ ಒಂದು) ಹುಟ್ಟಿದ್ದು ಎಂಬ ವಿಂಗಡಣೆಯಿದೆ. ಆಕಾಶ ಎಂಬ ಒಂದೇ ಪದಕ್ಕೆ ಎರಡು ವಸ್ತು ಎಂದಾದಾಗ, ನಾವು ಮೇಲೆ ಹೇಳಿದ ‘ಒಂದೇ ವಸ್ತುವಿನ ಬಗ್ಗೆ’ ಎಂಬ ಷರತ್ತೇ ಬದಲಾಗುತ್ತದೆ.

‘ಅಸತ್ತಿನಿಂದ ಸತ್ತು’, ಇಲ್ಲದ್ದರಿಂದ ಇರುವುದು ಬಂತು, ಎಂಬ ನಿಮ್ಮ ಎರಡನೆಯ ಜೋಡಿಯನ್ನೂ ಉಳಿಸಿಕೊಳ್ಳಿ, ಆದರೆ ಹಿಂದುಮುಂದಿನ ವಾಕ್ಯ ಸೇರಿಸಿ. ತೈತ್ತಿರೀಯ 2.7ರ ‘ಅಸದ್ವಾ ಇದಮಗ್ರ ಆಸೀತ್’ ಎಂಬುದನ್ನು ಮಾತ್ರ ಕತ್ತರಿಸಿ ತಂದಿದ್ದೀರಿ. ಬ್ರಹ್ಮ ಅಸತ್ತು ಎಂದು ತಿಳಿದವನು ತಾನೇ ಅಸತ್ತಾಗುತ್ತಾನೆ ಎಂಬ ಮಾತು ಅದರ ಹಿಂದಿನ 2.6ರಲ್ಲೇ ಇದೆ. ಹೀಗಿರುವಾಗ ಇಲ್ಲಿನ ಅಸತ್ತು ಶುದ್ಧ ಶೂನ್ಯವಾಗುವುದು ಕಷ್ಟ, ನಾಮರೂಪ ಒಡೆಯದ ಸ್ಥಿತಿ ಎಂದು ಭಾಷ್ಯಕಾರರು ಓದುವುದು ಇದೇ ಕಾರಣಕ್ಕೆ, ‘ಸಮಾಕರ್ಷಾತ್’ (ಹಿಂದಿನ ಮಾತನ್ನು ಎಳೆದುಕೊಳ್ಳುವುದರಿಂದ, 1.4.15) ಎಂಬ ಸೂತ್ರ ನಿಂತಿರುವುದೂ ಇದರ ಮೇಲೆ. ಛಾಂದೋಗ್ಯ 6.2 ಇನ್ನೊಂದು ಬಗೆ. ಅಲ್ಲಿ ‘ಕೆಲವರು ಅಸತ್ತೇ ಇತ್ತು ಎನ್ನುತ್ತಾರೆ’ ಎಂದು ಬೋಧಿಸುತ್ತಿರುವ ಉದ್ದಾಲಕನೇ ಪಕ್ಷವನ್ನು ಎತ್ತಿ, ಅಸತ್ತಿನಿಂದ ಸತ್ತು ಹೇಗೆ ಹುಟ್ಟೀತು ಎಂದು ತಿರುಗಿ ಕೇಳುತ್ತಾನೆ. ಅದು ಗೊತ್ತಿದ್ದೇ ನಡೆದ ಚರ್ಚೆ. ಗೊಂದಲ ಎನ್ನುವ ಪದ ಅಲ್ಲಿಗೆ ಸಲ್ಲದು.

ಇಷ್ಟು ಹುಡುಕಿದವರಿಗೆ ಎಲ್ಲಕ್ಕಿಂತ ಚೂಪಾದ ಸಾಲು ಸಿಕ್ಕಿಲ್ಲವಲ್ಲ ಎಂದು ಮರುಕವಾಯಿತು. ಋಗ್ವೇದ 10.72.4: ‘ಅದಿತೇರ್ದಕ್ಷೋ ಅಜಾಯತ ದಕ್ಷಾದ್ವದಿತಿಃ ಪರಿ’. ಅದಿತಿಯಿಂದ ದಕ್ಷ ಹುಟ್ಟಿದ, ದಕ್ಷನಿಂದ ಅದಿತಿ ಹುಟ್ಟಿದಳು. ಎರಡು ಗ್ರಂಥ ಬೇಡ, ಎರಡು ಸೂಕ್ತವೂ ಬೇಡ, ಒಂದೇ ಸಾಲಿನಲ್ಲಿ ತಾಯಿ ಮಗಳಾಗಿದ್ದಾಳೆ. ವೇದದ ಪದಗಳ ಅರ್ಥ ಬಿಡಿಸುವ ತಮ್ಮ ನಿರುಕ್ತದಲ್ಲಿ (11.23) ಯಾಸ್ಕರು ಇದನ್ನು ಎತ್ತಿಕೊಂಡು ‘ತತ್ಕಥಮುಪಪದ್ಯೇತ’, ಇದು ಹೇಗೆ ಹೊಂದೀತು, ಎಂದು ನೇರವಾಗಿ ಕೇಳುತ್ತಾರೆ. ಎರಡು ಉತ್ತರ ಕೊಡುತ್ತಾರೆ: ಇಬ್ಬರೂ ಒಂದೇ ಮೂಲದಿಂದ ಹುಟ್ಟಿದವರಿರಬಹುದು, ಇಲ್ಲವೇ ದೇವಧರ್ಮದಿಂದ ಒಬ್ಬರಿಂದೊಬ್ಬರು ಹುಟ್ಟಿರಬಹುದು. ನಿಮ್ಮ ಲೇಖನದ ಮೊದಲ ಪ್ಯಾರಾ ಇದಾಗಬೇಕು. ಈಗಿರುವ ‘ಅನಾದಿ ಕಾಲದಿಂದಲೂ ಮಾನವನು...’ ತೆಗೆದುಹಾಕಿ.

ಬರೆಯಲು ಕೂರುವ ಮುನ್ನ ಒಂದು ನಿರ್ಧಾರ ಮಾಡಿಕೊಳ್ಳಿ. ಶ್ರುತಿಯೆಲ್ಲ ಒಂದೇ ಮಾತು ಎಂದು ಹೊರಡುವುದು ಸಮನ್ವಯದ ದಾರಿ; ಬೇರೆಬೇರೆ ಶಾಖೆಯವರು ಬೇರೆಬೇರೆ ಕಾಲದಲ್ಲಿ ಹೇಳಿದ್ದು ಎಂದು ಹೊರಡುವುದು ಚರಿತ್ರೆಯ ದಾರಿ. ಎರಡನೆಯ ದಾರಿಯಲ್ಲಿ ತೈತ್ತಿರೀಯಕ್ಕೂ ಛಾಂದೋಗ್ಯಕ್ಕೂ ಭೇದವಿರುವುದು ಸಹಜ. ಬಿಡಿಸಬೇಕಾದ ಗಂಟೇ ಇರುವುದಿಲ್ಲ. ನೀವು ಆಕ್ಷೇಪಿಸುವಾಗ ಸಮನ್ವಯದವರ ನಿಯಮ ಹಿಡಿಯುತ್ತೀರಿ, ಅವರ ಉತ್ತರ ಬಂದಾಗ ಚರಿತ್ರೆಯ ಕಡೆ ಜಾರುತ್ತೀರಿ. ಯಾವ ದಾರಿಯಾದರೂ ಸರಿ, ಓದುಗರಿಗೆ ಮೊದಲೇ ಹೇಳಿ.

ಬೈಬಲ್, ಕುರಾನ್ ಭಾಗವನ್ನು ಈ ಲೇಖನದಿಂದ ಬಿಡಿ. ಮತ್ತೊಂದು ಬರೆಯುವುದಾದರೆ ಇದೇ ಎಚ್ಚರ ಅಲ್ಲೂ ಇರಲಿ. ಆದಿಕಾಂಡದ 1ನೆಯ ಅಧ್ಯಾಯದಲ್ಲಿ ಗಿಡಮರ 3ನೆಯ ದಿನ, ನೆಲದ ಪ್ರಾಣಿ ಮತ್ತು ಮನುಷ್ಯ 6ನೆಯ ದಿನ. 2ನೆಯ ಅಧ್ಯಾಯದಲ್ಲಿ ಮಣ್ಣಿನಿಂದ ಮನುಷ್ಯ (2:7), ಆಮೇಲೆ ತೋಟ, ಆಮೇಲೆ ಪ್ರಾಣಿಗಳು (2:19). ಕನ್ನಡ ಸತ್ಯವೇದದಲ್ಲೇ 2:4ರಿಂದ ‘ದೇವರು’ ಹೋಗಿ ‘ಯೆಹೋವದೇವರು’ ಬರುವುದು ಕಾಣುತ್ತದೆ. ಈ ಹೆಸರಿನ ಭೇದ ಹಿಡಿದು ಫ್ರಾನ್ಸಿನ ವೈದ್ಯ ಝಾಂ ಆಸ್ತ್ರುಕ್ 1753ರಲ್ಲೇ ಎರಡು ಮೂಲಗಳ ವಾದ ಮಂಡಿಸಿದ್ದ. ಕುರಾನಿನಲ್ಲಿ 2+4+2=8 ದಿನ (41:9-12), ಬೇರೆಡೆ 6 ದಿನ (7:54) ಎಂದು ಕೂಡಿಸಿ ತೋರಿಸಿದ್ದೀರಿ. ಆ ನಾಲ್ಕರಲ್ಲಿ ಮೊದಲಿನ ಎರಡೂ ಸೇರಿವೆ ಎಂಬುದು ವ್ಯಾಖ್ಯಾನಕಾರರ ಹಳೆಯ ಉತ್ತರ. ಅದನ್ನು ಹೇಳದೆ ಲೆಕ್ಕ ತಪ್ಪಿದೆ ಎನ್ನುವುದು ನ್ಯಾಯವಲ್ಲ.

ಕಲ್ಪದ ಭಾಗವನ್ನು ಪೂರ್ತಿ ತೆಗೆಯಿರಿ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ, ಎರಡೂ ಹತ್ತಿರ ಎಂದಿದ್ದೀರಿ. ಆದರೆ 432 ಕೋಟಿ ಹಗಲಿನ ಪೂರ್ತಿ ಅಳತೆ, ಕಳೆದ ಕಾಲವಲ್ಲ. ಮನೆಯ ಪೂಜೆಯ ಸಂಕಲ್ಪದಲ್ಲೇ ಕೇಳುತ್ತೇವಲ್ಲ: ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, 28ನೆಯ ಕಲಿಯುಗ. ಮುಗಿದ 6 ಮನ್ವಂತರಕ್ಕೆ 184.032 ಕೋಟಿ, 7 ಸಂಧಿಗೆ 1.2096 ಕೋಟಿ, 27 ಮಹಾಯುಗಕ್ಕೆ 11.664 ಕೋಟಿ, 28ನೆಯದರ ಮೊದಲ ಮೂರು ಯುಗಕ್ಕೆ 38.88 ಲಕ್ಷ. ಕೂಡಿಸಿದರೆ ಸುಮಾರು 197.29 ಕೋಟಿ. ಸಂಪ್ರದಾಯದ ಲೆಕ್ಕವನ್ನು ಸರಿಯಾಗಿ ಮಾಡಿದರೆ ನಿಮ್ಮ ಹೊಂದಾಣಿಕೆ ಉಳಿಯುವುದಿಲ್ಲ.

ಕಟ್ಟುವ ಕ್ರಮಕ್ಕೆ ಬೇರೆಲ್ಲೂ ಹೋಗಬೇಡಿ. ವಿಷಯ, ಸಂಶಯ, ಪೂರ್ವಪಕ್ಷ (ಎದುರುವಾದಿಯ ವಾದ), ಸಿದ್ಧಾಂತ, ಸಂಗತಿ (ಹಿಂದುಮುಂದಿನ ಸಂಬಂಧ) ಎಂಬ ಅಧಿಕರಣದ ಐದು ಅಂಗಗಳೇ ಸಾಕು. 1500 ಪದದ ಮಿತಿಯಲ್ಲಿ ಎರಡೇ ಜೋಡಿ ಇರಲಿ. ಅರ್ಧದಷ್ಟು ಜಾಗ ಪೂರ್ವಪಕ್ಷಕ್ಕೆ, ಸಿದ್ಧಾಂತಕ್ಕೆ ಹೋಗಲಿ. ಪ್ರತಿ ಉಲ್ಲೇಖಕ್ಕೂ ಅಂಕಿ ಬೇಕು. ‘ವೇದದಲ್ಲಿ ಹೇಳಿದೆ’ ಎಂದರೆ ಪರಿಶೀಲಿಸುವವರು ಎಲ್ಲಿ ಹುಡುಕಬೇಕು? ‘ಸೃಷ್ಠಿ’ ಅಲ್ಲ ಸೃಷ್ಟಿ, ‘ಶೃತಿ’ ಅಲ್ಲ ಶ್ರುತಿ, ‘ತೈತ್ತರೀಯ’ ಅಲ್ಲ ತೈತ್ತಿರೀಯ. ಈ ಮೂರು ತಪ್ಪು ಇಡೀ ಹಸ್ತಪ್ರತಿಯಲ್ಲಿದೆ.

ಮೂಲಗಳಿಗೆ ದೂರ ಹೋಗಬೇಕಿಲ್ಲ. ಹೊಳೆನರಸೀಪುರದ ಅಧ್ಯಾತ್ಮಪ್ರಕಾಶ ಕಾರ್ಯಾಲಯ ಶಾಂಕರಭಾಷ್ಯಗಳ ಕನ್ನಡ ಅನುವಾದ ತಂದಿದೆ, ತ್ಯಾಗರಾಜನಗರದಲ್ಲಿ ಅದರ ಶಾಖೆಯಿದೆ. ಸೂತ್ರದ ಪದವೊಂದು ಬಿಡಿಸಲು ಬಾರದಿದ್ದರೆ ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನ ವಿದ್ವಾಂಸರನ್ನು ಕೇಳಬಹುದು. ಪರಿಷ್ಕರಿಸಿದ ಪ್ರತಿಯೊಡನೆ, ನೀವು ಉಲ್ಲೇಖಿಸಿದ ಪ್ರತಿ ಪುಟದ ನೆರಳಚ್ಚನ್ನೂ ಲಗತ್ತಿಸಿ ಕಳುಹಿಸಿ. ಶೀರ್ಷಿಕೆಯಲ್ಲಿ ‘ಗೊಂದಲ’ ಬೇಡ, ‘ತತ್ಕಥಮುಪಪದ್ಯೇತ?’ ಎಂದಿಟ್ಟರೆ ಹೇಗೆ, ಯೋಚಿಸಿ.

ವಿಶ್ವಾಸದಿಂದ,
ಸಂಪಾದಕರು
ಬೆಂಗಳೂರು