ವಂಡೂರ್ ಮರೈನ್ ಪಾರ್ಕಲ್ಲಿ ಹವಳ ಎಲ್ಲಾ ಸತ್ತೋಗಿದೆಯಂತೆ, ಹೋಗೋದು ವೇಸ್ಟಾ?

ಫ್ಯಾಮಿಲಿ ಜೊತೆ ಬೆಂಗಳೂರಿಂದ ಅಂಡಮಾನ್ ಹೊರಟಿದೀರ, ಯಾರೋ ಆಫೀಸಲ್ಲಿ ಆ ಪಾರ್ಕಿನ ಜಾಲಿಬಾಯ್ ದ್ವೀಪದಲ್ಲಿ ಏನೂ ಉಳಿದಿಲ್ಲ ಅಂದ್ರು ಅಂತ ಒಂದು ದಿನ ಉಳಿಸೋಣ ಅಂತಿದೀರ. ಹಾಗೆ ಮಾಡ್ಬೇಡಿ, ಹೋಗಿ. ಆದ್ರೆ ಇನ್ಸ್ಟಾದಲ್ಲಿ ನೋಡಿದ ಕೆಂಪು-ಗುಲಾಬಿ ಕಲರ್ ಸಿಗುತ್ತೆ ಅಂದ್ಕೊಂಡು ಹೋದ್ರೆ ಬೇಜಾರಾಗೋದು ಗ್ಯಾರಂಟಿ. ನೀರು ಮೊದ್ಲು ನುಂಗೋದೇ ಕೆಂಪು ಬಣ್ಣನ, ಆ ಫೋಟೋಗಳೆಲ್ಲ ಲೈಟ್ ಹಾಕಿ ಇಲ್ಲಾ ಎಡಿಟ್ ಮಾಡಿ ತೆಗೆದಿರೋದು. ಗಾಜಿನ ತಳದ ಬೋಟಲ್ಲಿ ಕೂತ್ರೆ ಜಾಸ್ತಿ ಕಾಣೋದು ಕಂದು, ಹಸಿರು, ನೀಲಿ.

ಸತ್ತೋಗಿದೆ ಅನ್ನೋದು ಪೂರ್ತಿ ಸುಳ್ಳೂ ಅಲ್ಲ. ಹವಳದ ಹುಳ ಒಂಥರಾ ನಮ್ಮೂರ ಮನೆ ಓನರ್ ಇದ್ದಂಗೆ, ಒಳಗೆ ಸಣ್ಣ ಪಾಚಿನ ಬಾಡಿಗೆಗೆ ಇಟ್ಕೊಂಡಿರುತ್ತೆ, ಪಾಚಿ ಬಿಸಿಲಲ್ಲಿ ಅಡುಗೆ ಮಾಡಿ ಊಟದ ರೂಪದಲ್ಲಿ ಬಾಡಿಗೆ ಕಟ್ಟುತ್ತೆ. ಸಮುದ್ರದ ಬಿಸಿ ಮಾಮೂಲಿ ಬೇಸಿಗೆಗಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತ್ರೆ ಸಾಕು, ಓನರ್ ಪಾಚಿನ ಹೊರಗೆ ಹಾಕ್ಬಿಡುತ್ತೆ, ಹವಳ ಬೆಳ್ಳಗಾಗುತ್ತೆ. ಬೇಗ ತಣ್ಣಗಾದ್ರೆ ಚೇತರಿಸ್ಕೊಳುತ್ತೆ, ಇಲ್ಲಾಂದ್ರೆ ಉಪವಾಸ ಸಾಯುತ್ತೆ. ಅಂಡಮಾನಲ್ಲಿ 2010ರಲ್ಲಿ ಜೋರಾಗಿ ಆಯ್ತು, 2016ರಲ್ಲಿ ಮತ್ತೆ. ನಾವು ಸ್ನಾರ್ಕೆಲಿಂಗ್ ಇಳಿದಾಗ ಮುರಿದ ಕೊಂಬೆಗಳ ರಾಶಿ ಮೇಲೆ ಅಂಗೈ ಅಗಲದ ಹೊಸ ಹವಳ ಎದ್ದಿದ್ದು ಕಂಡ್ವಿ. ಪಕ್ಕದಲ್ಲೇ ಒಂದು ಪ್ಯಾರಟ್ ಫಿಶ್ ಬಂಡೆನ ಕರಕರ ಅಂತ ಕಡೀತಿತ್ತು, ಆ ಸದ್ದು ನೀರೊಳಗೆ ನಿಜವಾಗ್ಲೂ ಕೇಳುತ್ತೆ, ಕಡಿದು ಪಾಚಿ ಅರಗಿಸ್ಕೊಂಡು ಸುಣ್ಣದ ಪುಡಿನ ಹಿಂದಿಂದ ಬಿಡುತ್ತೆ, ಬೀಚಿನ ಬಿಳಿ ಮರಳಲ್ಲಿ ಅದರ ಪಾಲೂ ಇದೆ. ನನ್ನ ತಂಗಿ ಇದು ಗೊತ್ತಾದ್ಮೇಲೆ ಮರಳಲ್ಲಿ ಮಲಗಲೇ ಇಲ್ಲ.

ನನ್ನ ಕೇಳಿದ್ರೆ ಹವಳಕ್ಕಿಂತ ದಾರಿನೇ ಚೆನ್ನಾಗಿದೆ. ಪೋರ್ಟ್ ಬ್ಲೇರಿಂದ (ಈಗ ಹೆಸರು ಶ್ರೀ ವಿಜಯಪುರಂ) ಬರ್ತಾ ಸಿಪ್ಪಿಘಾಟ್ ಹತ್ರ ಕಿಟಕಿ ಕಡೆ ಕೂತ್ಕೊಳಿ. ಅದು ಗದ್ದೆ ಇದ್ದ ಜಾಗ, 2004ರ ಭೂಕಂಪದಲ್ಲಿ ಆ ಕಡೆ ನೆಲನೇ ಸುಮಾರು ಒಂದು ಮೀಟರ್ ಕುಸಿದು ಸಮುದ್ರದ ನೀರು ಒಳಗೆ ಬಂತು, ಈಗ ಜೌಗು, ಹಕ್ಕಿಗಳ ಜಾಗ. ವಂಡೂರ್ ಬೀಚಲ್ಲೂ ಒಣಗಿದ ದೊಡ್ಡ ದೊಡ್ಡ ಮರಗಳು ಬಿದ್ದಿವೆ. ಆಮೇಲೆ ಬೋಟ್ ಹೋಗೋದು ದ್ವೀಪಗಳ ಮಧ್ಯೆ, ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬೇರುಗಳು ನೀರಿಂದ ಮೇಲೆ ಕಾಲೂರಿ ನಿಂತಿರುತ್ತೆ, ಎಷ್ಟೋ ಮೀನಿನ ಮರಿಗಳು ದೊಡ್ಡದಾಗೋದು ಅಲ್ಲೇ. ಜನ ಆ ಹೊತ್ತಲ್ಲೇ ಮೊಬೈಲ್ ನೋಡ್ತಾ ಕೂತಿರ್ತಾರೆ, ಕರ್ಮ.

ಪಾರ್ಕ್ ಆಗಿದ್ದು 1983ರಲ್ಲಿ, ಒಟ್ಟು 281 ಚದರ ಕಿಲೋಮೀಟರ್ ಚಿಲ್ಲರೆ, ಟೂರಿಸ್ಟ್‌ಗಳಿಗೆ ಬಿಡೋದು ಜಾಲಿಬಾಯ್ ಇಲ್ಲಾ ರೆಡ್ ಸ್ಕಿನ್, ಸೀಸನ್ ನೋಡಿ ಒಂದ್ಸಲಕ್ಕೆ ಒಂದೇ, ಹವಳಕ್ಕೆ ಸ್ವಲ್ಪ ಉಸಿರಾಡೋಕೆ ಟೈಮ್ ಸಿಗಲಿ ಅಂತ. ಅರಣ್ಯ ಇಲಾಖೆ ಪರ್ಮಿಟ್ ಮೊದಲೇ ಮಾಡಿಸ್ಕೊಳಿ, ಸೋಮವಾರ ರಜ. ಜೆಟ್ಟಿಲಿ ಬ್ಯಾಗ್ ಚೆಕ್ ಮಾಡ್ತಾರೆ, ಚಿಪ್ಸ್ ಪ್ಯಾಕೆಟ್ ಎಲ್ಲಾ ಬಿಡಲ್ಲ, ಮಕ್ಕಳಿಗೆ ತಿಂಡಿ ಸ್ಟೀಲ್ ಡಬ್ಬಿಲಿ ಹಾಕ್ಕೊಳಿ. ಮತ್ತೆ ಬೀಚಲ್ಲಿ ಮಕ್ಕಳನ್ನ ಎಲ್ಲೆಂದ್ರಲ್ಲಿ ನೀರಿಗೆ ಇಳಿಸ್ಬೇಡಿ, ಉಪ್ಪುನೀರಿನ ಮೊಸಳೆ ಇದೆ, ಗಾರ್ಡ್ ತೋರಿಸಿದ ಜಾಗದಲ್ಲಿ ಮಾತ್ರ.